ಇದು ಯಾರ ಕೈ?

ದಸರೆಯ ಘಟ ಕೂಡ್ರಿಸುವ ಮುಂಚಿನ ದಿನಗಳಲ್ಲಿ ದೂಧಗಂಗೆ, ವೇದಗಂಗೆ, ಕೃಷ್ಣೆಯ ದಂಡೆಗಳಲ್ಲಿ ಒಂದು ಪ್ರದರ್ಶನ ನಡೆಯುತ್ತದೆ. ಉದ್ಘಾಟನೆಯಿಲ್ಲ, ಅಧ್ಯಕ್ಷರಿಲ್ಲ, ತೂಗುಹಾಕಲಿಕ್ಕೆ ಗೋಡೆಯೂ ಇಲ್ಲ. ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಗಂಟು ಕಟ್ಟಿ, ಸಿಕ್ಕ ಗಾಡಿಗೆ ಹೇರಿಕೊಂಡು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ ಕಡೆಯ ಹೆಂಗಸರು ಹೊಳೆಗೆ ಬರುತ್ತಾರೆ. ಕೌದಿ ಒಗೆಯುವುದು ಒಬ್ಬರಿಂದಾಗುವ ಕೆಲಸವಲ್ಲ. ನೀರು ಕುಡಿದ ಕೌದಿಯನ್ನು ಎತ್ತಲಿಕ್ಕೆ ಇಬ್ಬರು ಬೇಕು, ಹಿಂಡಲಿಕ್ಕೂ ಇಬ್ಬರು ಬೇಕು. ಒಂದು ತುದಿಗೆ ಅತ್ತೆ, ಇನ್ನೊಂದು ತುದಿಗೆ ಸೊಸೆ ನಿಂತು ಎದುರುಬದುರು ತಿರುವುತ್ತಾರೆ. (ಆ ಜಗ್ಗಾಟದಲ್ಲಿ ವರ್ಷದ ಸಿಟ್ಟೂ ಒಂದಿಷ್ಟು ಹಿಂಡಿಹೋಗುತ್ತದೆಂದು ನನ್ನ ಗುಮಾನಿ.) ಆಮೇಲೆ ಕರಿಬಂಡೆಗಳ ಮೇಲೆ, ಕಬ್ಬಿನ ಹೊಲದ ಬದುವಿನ ಮೇಲೆ, ಬಾಂದಾರದ ಕಟ್ಟೆಯ ಮೇಲೆ ಹರವಿಬಿಡುತ್ತಾರೆ.

ಒಣಗುವ ತನಕ ಮಾಡಲಿಕ್ಕೆ ಏನೂ ಇರುವುದಿಲ್ಲ. ಬುತ್ತಿ ಬಿಚ್ಚಿ ಉಂಡು, ಎಲೆ ಅಡಿಕೆ ಹಾಕಿಕೊಂಡು, ಹೆಂಗಸರು ಎದ್ದು ಹರವಿದ ಕೌದಿಗಳ ನಡುವೆ ಅಡ್ಡಾಡುತ್ತಾರೆ. ಹತ್ತು ಕೌದಿ ದಾಟಿ ಹೋಗಿ ಹನ್ನೊಂದನೆಯದರ ಮುಂದೆ ನಿಲ್ಲುತ್ತಾರೆ. ಬಗ್ಗಿ ಅಂಚು ಮಗುಚುತ್ತಾರೆ, ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸುತ್ತಾರೆ. ಆಗ ಒಬ್ಬಾಕೆ ಕೇಳುತ್ತಾಳೆ: "ಇದು ಯಾರ ಕೈ?" ಯಾರ ಮನೆಯದು ಅಂತ ಕೇಳುವ ಅಗತ್ಯವಿಲ್ಲ, ಹರವಿದವರು ಎದುರಿಗೇ ಇದ್ದಾರೆ. ಕೇಳುವುದು ಹೊಲಿದವರನ್ನು. ಉತ್ತರ ಬಂದಾಗ ಅರ್ಧ ಜನ "ಹೌದs ಮತ್ತ, ಗೊತ್ತಾತ ಬಿಡ" ಅನ್ನುತ್ತಾರೆ. ಎಲ್ಲಿಯೂ ಸಹಿಯಿಲ್ಲದ ಒಂದು ವಸ್ತುವಿನಲ್ಲಿ ಇವರು ಸಹಿ ಓದುತ್ತಿರುತ್ತಾರೆ.

ಕೌದಿ ಹೊಲಿಯುವವರು ತಮ್ಮನ್ನು ಕಲಾವಿದರೆಂದು ತಿಳಿದುಕೊಳ್ಳಬೇಕೇ ಎಂಬ ಪ್ರಶ್ನೆಯನ್ನು ಪಟ್ಟಣದ ಸಭೆಗಳಲ್ಲಿ ಕೇಳಿದ್ದೇನೆ. ಅಲ್ಲಿ ಅದಕ್ಕೆ ದೊಡ್ಡ ಮನಸ್ಸಿನ ಉತ್ತರಗಳು ಬರುತ್ತವೆ. ನನಗೆ ಮಾತ್ರ ಆ ಪ್ರಶ್ನೆಗೆ ಹೋಗುವ ಮೊದಲು ಒಂದು ಕೌದಿಯನ್ನು ಸಾವಕಾಶವಾಗಿ ನೋಡುವ ಆಸೆ.

ಕೌದಿ ಕಂಡಿಲ್ಲದ ಮೈಸೂರು, ಮಂಗಳೂರು ಕಡೆಯವರಿಗಾಗಿ ನಾಲ್ಕು ಮಾತು. ಉಟ್ಟು ಹಳತಾದ ನೂಲಿನ ಸೀರೆ, ಧೋತರ, ಪಟಗ, ಅಂಗಿ, ದರ್ಜಿಯ ಅಂಗಡಿಯ ಚಿಂದಿ, ಇವನ್ನೆಲ್ಲ ಪದರು ಪದರಾಗಿ ಹಾಸಿ, ಮೇಲಿನ ಪದರಿಗೆ ಬಣ್ಣಬಣ್ಣದ ತುಂಡು ಕೂಡಿಸಿ, ಇಡೀ ದಪ್ಪಕ್ಕೆ ಕೈಹೊಲಿಗೆ ಹಾಕಿದರೆ ಕೌದಿ. ಒಳಗೆ ಹತ್ತಿ ತುಂಬುವುದಿಲ್ಲ, ಅರಿವೆಯೇ ಅದರ ಹೊಟ್ಟೆ. ಹಾಸಲಿಕ್ಕೂ ಅದೇ, ಹೊಚ್ಚಿಕೊಳ್ಳಲಿಕ್ಕೂ ಅದೇ, ಬಾಣಂತಿಯ ಮಗ್ಗುಲಲ್ಲಿ ಕೂಸಿಗೂ ಅದೇ. ಕೊಲ್ಹಾಪುರ, ಮಿರಜ ಕಡೆಯ ನಂಟರು ವಾಕಳ ಅನ್ನುತ್ತಾರೆ, ಗೋಧಡಿ ಅನ್ನುತ್ತಾರೆ. ನಿಪ್ಪಾಣಿಯ ಒಂದೇ ಓಣಿಯಲ್ಲಿ ಮೂರೂ ಹೆಸರು ಕಿವಿಗೆ ಬೀಳುತ್ತವೆ. ಹೊಲದ ಕೆಲಸ ತೀರಿ ಬಿಸಿಲು ಏರಿದ ಮೇಲೆ, ಮಳೆ ಹಿಡಿಯುವ ಮೊದಲು, ಪಡಸಾಲೆಯಲ್ಲೋ ಬೇವಿನ ನೆರಳಲ್ಲೋ ಕೌದಿ ಹೊಲಿಯುತ್ತಾರೆ. ಮನೆಯಲ್ಲಿ ಕೈ ಸಾಲದಿದ್ದರೆ ಕೂಲಿ ಕೊಟ್ಟು ಹೊಲಿಸುತ್ತಾರೆ. ಊರಿಂದೂರಿಗೆ ತಿರುಗಿ ಹೊಲಿದುಕೊಡುವ ಗೊಂದಳಿ ಹೆಂಗಸರು ಮೊದಲು ಬಹಳ ಬರುತ್ತಿದ್ದರು, ಈಗ ಅಲ್ಲೊಬ್ಬರು ಇಲ್ಲೊಬ್ಬರು.

ಇದೇ ಸೀಮೆಯ ಭೋಜ ಗ್ರಾಮದ ಬದಿಯಲ್ಲಿ 1872ರಲ್ಲಿ ಹುಟ್ಟಿದ ಆಚಾರ್ಯ ಶಾಂತಿಸಾಗರರು ಅರಿವೆಯನ್ನೇ ತೊರೆದು, ಕ್ಷೀಣಿಸಿದ್ದ ದಿಗಂಬರ ಮುನಿ ಪರಂಪರೆಗೆ ಮತ್ತೆ ಜೀವ ಕೊಟ್ಟರು. ಅದೇ ನೆಲದ ಹೆಂಗಸರು ಅರಿವೆಯ ಬೆರಳಗಲದ ಚೂರನ್ನೂ ಬಿಡಲಿಲ್ಲ. ಎರಡಕ್ಕೂ ಹಟ ಬೇಕು.

ನಾನು ಬಹಳ ಹೊತ್ತು ನೋಡಿದ ಕೌದಿ ಸದಲಗಾ ಹತ್ತಿರದ ಒಂದು ಮನೆಯಲ್ಲಿದೆ. ಹೊಲಿದವರಿಗೆ ಈಗ ವಯಸ್ಸಾಗಿದೆ. ಓಣಿಯೆಲ್ಲ ಆಯಿ ಅನ್ನುತ್ತದೆ, ನಾನೂ ಹಾಗೆಯೇ ಅನ್ನುತ್ತೇನೆ. ಟ್ರಂಕಿನಿಂದ ತೆಗೆದು ನೆಲಕ್ಕೆ ಬೀಸಿ ಹಾಸಿದರು. ಮೊದಲು ಕಂಡದ್ದು ದಡಿ. ಸುತ್ತ ಮೂರು ಕಡೆ ಇಳಕಲ್ ಸೀರೆಯ ಚಿಕ್ಕಿ ಪರಾಸ ದಡಿ, ನಾಲ್ಕನೆಯ ಕಡೆ ಗೋಮಿ ದಡಿ. ಚಿಕ್ಕಿ ಪರಾಸ ಸಾಲಲಿಲ್ಲವೆಂಬುದು ಗೊತ್ತಾಗುತ್ತದೆ. ಸಾಲದ್ದನ್ನು ಮರೆಮಾಡುವವರು ಗೋಮಿಯನ್ನು ಕಾಲ ಕಡೆಗೆ ತಳ್ಳುತ್ತಿದ್ದರು. ಆಯಿ ಅದನ್ನು ತಲೆಯ ಕಡೆಗೆ ಹಚ್ಚಿದ್ದಾರೆ. ಕತ್ತಲಲ್ಲಿ ಕೈಯಾಡಿಸಿದರೂ ತಲೆ ಯಾವ ಕಡೆ ಅಂತ ತಿಳಿಯುತ್ತದೆ. ಬೆಳಕಿನಲ್ಲಿ ನೋಡಿದರೆ ಮೂರು ಕಡೆಯ ಗದ್ದಲ ನಾಲ್ಕನೆಯ ಕಡೆ ತಟ್ಟನೆ ತಣ್ಣಗಾಗುತ್ತದೆ.

ದಡಿಯ ಒಳಗೆ ಕಪ್ಪು. ಆದರೆ ಒಂದೇ ಕಪ್ಪಲ್ಲ. ಮದುವೆಯಲ್ಲಿ ಉಟ್ಟ ಚಂದ್ರಕಾಳಿ ಸೀರೆಯನ್ನು ಹರಿದು ಗೇಣಗಲದ ಚೌಕ ಮಾಡಿದ್ದಾರೆ. ಸೀರೆಯ ನೆರಿಗೆಯ ಭಾಗ ಬಿಸಿಲು ಕಾಣದೆ ಇನ್ನೂ ಗಟ್ಟಿ ಕಪ್ಪಾಗಿದೆ, ಮಂಡಿಯ ಹತ್ತಿರದ್ದು ಬೂದಿ ಬಣ್ಣಕ್ಕೆ ತಿರುಗಿದೆ, ಹೆಗಲ ಮೇಲಿನದು ತಾಮ್ರದ ಕಡೆಗೆ ವಾಲಿದೆ. ಒಂದು ಸೀರೆಯಿಂದ ಮೂರು ಬಣ್ಣ ಹುಟ್ಟಿವೆ, ಬಣ್ಣಗಾರನ ಮನೆಗೆ ಹೋಗದೆ. ಅವನ್ನು ಆಯಿ ಸಿಕ್ಕಂತೆ ಕೂಡಿಸಿಲ್ಲ. ಅಂಚಿಗೆ ಮಾಸಿದವು, ಒಳಗೊಳಗೆ ಹೋದಂತೆ ಗಟ್ಟಿ ಕಪ್ಪು, ಅದರ ನಡುವೆ ಟೋಪ ತೆನಿ ಸೆರಗಿನ ಕೆಂಪು, ಅದರ ಬಿಳಿ ಗೋಪುರದ ಸಾಲು ಸಮೇತ. ಕೆಂಪು ಹೆಚ್ಚು ಇಲ್ಲ, ಎರಡು ಅಂಗೈಯಷ್ಟು. ಸುತ್ತಣ ಕಪ್ಪು ಮೆಟ್ಟಿಲು ಮೆಟ್ಟಿಲಾಗಿ ಆಳಕ್ಕೆ ಇಳಿದಿರುವುದರಿಂದ ಆ ಕೆಂಪು ಎಷ್ಟೋ ದೊಡ್ಡದಾಗಿ ಕಾಣುತ್ತದೆ.

ಇಷ್ಟಾಗಿದ್ದರೆ ಚಂದದ ಕೌದಿ, ಹಲವು ಮನೆಗಳಲ್ಲಿ ಇಂಥದು ಸಿಗುತ್ತದೆ. ಇದನ್ನು ಬೇರೆ ಮಾಡುವುದು ಒಂದು ಹಸಿರು. ಗುಳೇದಗುಡ್ಡದ ಖಣದ ಒಂದು ತ್ರಿಕೋನ, ಬಹುಶಃ ಯಾರದೋ ಕುಪ್ಪಸದ ತೋಳು. ನಡುವಿನ ಕೆಂಪಿನಿಂದ ದೂರ, ಎಡಗಾಲ ಮೂಲೆಯ ಸಮೀಪ, ಯಾವ ಲೆಕ್ಕಕ್ಕೂ ಹೊಂದದ ಜಾಗದಲ್ಲಿ ಕೂತಿದೆ. ಇಡೀ ಕೌದಿಯಲ್ಲಿ ಹಸಿರು ಇನ್ನೆಲ್ಲೂ ಇಲ್ಲ. ಅರಿವೆ ಹರಿದದ್ದಕ್ಕೆ ಹಾಕಿದ ತೇಪೆಯಿರಬೇಕೆಂದು ಅಂಚು ಎತ್ತಿ ನೋಡಿದೆ. ಕೆಳಗಿನ ಕಪ್ಪು ಗಟ್ಟಿಮುಟ್ಟಾಗಿತ್ತು. ಯಾಕೆ ಹಾಕಿದಿರಿ ಅಂತ ಕೇಳಿದೆ.

"ಅಲ್ಲಿ ಕಣ್ಣ ನಿಲ್ಲೂದಿಲ್ಲಾಗಿತ್ತೊ ತಮ್ಮಾ," ಅಂದರು. "ಜಾರಿ ಜಾರಿ ಕೆಂಪಿಗೇ ಹೋಗ್ತಿತ್ತ. ಒಂದ ಕಡೆ ಹಿಡದ ನಿಲ್ಲಸಬೇಕಲ್ಲ."

ಚಿತ್ರಕಲೆಯ ಶಾಲೆಯಲ್ಲಿ ಇದನ್ನು ಕಲಿಸಲಿಕ್ಕೆ ಒಂದು ವರ್ಷ ತೆಗೆದುಕೊಳ್ಳುತ್ತಾರೆ. ಓದದೆಯೂ ಕಾವ್ಯದ ಒಳಹೊರಗು ಬಲ್ಲವರೆಂದು ಈ ನಾಡಿನ ಜನರನ್ನು ಕವಿರಾಜಮಾರ್ಗ 9ನೆಯ ಶತಮಾನದಲ್ಲಿ ಹೊಗಳಿತು. ಆ ಹೊಗಳಿಕೆಯನ್ನು ನಾವು ಇಂದಿಗೂ ಪದ್ಯಕ್ಕಷ್ಟೇ ಮೀಸಲಿಟ್ಟು ಕೂತಿದ್ದೇವೆ.

ಇನ್ನು ಹೊಲಿಗೆ. ಮುಂದಕ್ಕೆ ಸಾಗುವ ಸಾದಾ ಹೊಲಿಗೆ, ಸೂಜಿ ಹಿಡಿಯಲು ಬಂದ ಮೊದಲ ದಿನ ಮಕ್ಕಳಿಗೆ ಹೇಳಿಕೊಡುವಂಥದು. ಕಸೂತಿಯಲ್ಲಿ ಗಂಟಿ, ಮುರಗಿ, ನೇಯ್ಗಿ, ಮೆಂಥಿ ಅಂತ ನಾಲ್ಕು ಬಗೆ ಉಂಟು, ಕೌದಿಗೆ ಇದೊಂದೇ. ಹೊರ ಅಂಚಿನಿಂದ ಹಿಡಿದು ಸುತ್ತು ಹಾಕುತ್ತ ನಡುವಿಗೆ ಹೋಗುತ್ತಾರೆ. ಆಯಿಯ ಸಾಲುಗಳ ನಡುವಿನ ಅಂತರ ಒಂದು ಬೆರಳು, ಟಾಕಿಯಿಂದ ಟಾಕಿಗೆ ಜೋಳದ ಕಾಳಿನಷ್ಟು. ಮೃಗಶಿರಾ ಮಳೆಯ ಮೇಲೆ ಒಳ್ಳೆಯ ರೈತ ಕೂರಿಗೆ ಹೊಡೆದ ಹೊಲದ ಹಾಗೆ: ಸಾಲು ನೆಟ್ಟಗಿದೆ, ಆದರೆ ಎತ್ತು ಉಸಿರು ಬಿಟ್ಟ ಕಡೆ ಕೂದಲೆಳೆಯಷ್ಟು ಬಾಗಿದೆ. ಯಂತ್ರದ ಹೊಲಿಗೆಯಲ್ಲಿ ಇಲ್ಲದ್ದು ಈ ಬಾಗು. ಮೂಲೆ ತಿರುಗುವಾಗ ಸಾಲುಗಳೆಲ್ಲ ಒಂದೇ ಕೋನದಲ್ಲಿ ತಿರುಗಿವೆ, ಮೂಲೆಯಿಂದ ಮೂಲೆಗೆ ನೋಡಿದರೆ ಯಾರೂ ಎಳೆಯದ ಒಂದು ಕರ್ಣರೇಖೆ ತಾನಾಗಿ ಮೂಡಿದೆ.

ಹೊಸ ಕೌದಿಯಲ್ಲಿ ಇದೆಲ್ಲ ಅರ್ಧವಷ್ಟೇ ಕಾಣುತ್ತದೆ. ನಾಲ್ಕಾರು ಸಲ ಹೊಳೆ ಕಂಡು ಬರಬೇಕು. ಒಳಪದರಿನ ಅರಿವೆಗಳು ಒಂದೊಂದು ಒಂದೊಂದು ಅಳತೆಗೆ ಕುಗ್ಗಿ, ಸಾಲುಸಾಲಿನ ನಡುವೆ ಅರಿವೆ ಸಣ್ಣಗೆ ಉಬ್ಬುತ್ತದೆ. ಆಗ ಮೇಲೆ ನೆರಳು ಬೆಳಕು ಹುಟ್ಟುತ್ತದೆ. ಮುಂಜಾನೆಯ ಓರೆ ಬಿಸಿಲಿನಲ್ಲಿ ನೋಡಿದರೆ ಬಣ್ಣಗಳಿಗಿಂತ ಮುಂಚೆ ಈ ಉಬ್ಬುತಗ್ಗೇ ಕಣ್ಣಿಗೆ ಬೀಳುತ್ತದೆ. ಮೈಗೆ ತಗಲುವುದೂ ಅದೇ. ಕೌದಿಯ ಮೇಲೆ ಮಲಗಿ ಎದ್ದ ಮಗುವಿನ ಕೆನ್ನೆಯ ಮೇಲೆ ಹೊಲಿಗೆಯ ಸಾಲು ಅಚ್ಚೊತ್ತಿರುವುದನ್ನು ನೋಡಿದವರಿಗೆ, ಈ ವಸ್ತುವನ್ನು ಕಣ್ಣಿನಿಂದಷ್ಟೇ ಸವಿಯಲಾಗದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆಯಿ ಕೌದಿಯನ್ನು ಮಗುಚಿ ಹಾಕಿದರು. ಹಿಂಬದಿಯಲ್ಲಿ ಒಂದೇ ಅರಿವೆ, ಬಿಳಿಯಾಗಿದ್ದು ಈಗ ಹಾಲುಗೆನೆಯ ಬಣ್ಣಕ್ಕೆ ಬಂದ ಅಜ್ಜನ ಧೋತರ. ಬಣ್ಣದ ಆಟವೆಲ್ಲ ಮುಂದೆಯೇ ಉಳಿಯಿತು, ಇಲ್ಲಿ ಬರೀ ದಾರದ ನಡೆ. ಬೆಳ್ಳಗಿನ ಅರಿವೆಯ ಮೇಲೆ ಬೆಳ್ಳಗಿನ ದಾರ. ಕೈ ಎಲ್ಲಿ ಚುರುಕಾಗಿತ್ತು, ಎಲ್ಲಿ ದಣಿಯಿತು, ಎಲ್ಲಿ ಸೂಜಿ ಇಟ್ಟು ಒಲೆಯ ಕಡೆಗೆ ಎದ್ದು ಹೋಗಿದ್ದರು, ಎಲ್ಲಿ ಇನ್ನೊಬ್ಬಾಕೆ ಕೂತು ಎರಡು ಸಾಲು ಹಾಕಿಕೊಟ್ಟಳು, ಎಲ್ಲ ಇಲ್ಲಿದೆ. ಆ ಎರಡು ಸಾಲಿನ ಮೇಲೆ ಬೆರಳಿಟ್ಟು ಆಯಿ, "ಇದು ನಮ್ಮ ವೈನಿದು. ಅಕಿ ಟಾಕಿ ಉದ್ದ," ಅಂದರು. ವೈನಿ ತೀರಿಹೋಗಿ ಬಹಳ ವರ್ಷವಾಗಿದೆ. ಬಿಚ್ಚಿ ಸಮ ಮಾಡಬಹುದಾಗಿತ್ತು, ಮಾಡಿಲ್ಲ.

ಕೌದಿಯೊಂದು ಮುಗಿಯಿತು ಅನ್ನುವುದೂ ಕಷ್ಟ. ಮೇಲಿನ ಪದರು ಸವೆದರೆ ಅದರ ಮೇಲೆ ಇನ್ನೊಂದು ಹಚ್ಚುತ್ತಾರೆ. ತೀರ ಹಳತಾದ ಕೌದಿ ಹೊಸ ಕೌದಿಯ ಹೊಟ್ಟೆಯೊಳಕ್ಕೆ ಹೋಗುತ್ತದೆ. ಹರೆಯದಲ್ಲಿ ಹೊಸ ಸೀರೆಯ ಸೆರಗಿಗೆ ಆನೆ ಅಂಬಾರಿ, ತುಳಸಿಕಟ್ಟೆ, ತೇರು ಅಂತ ಕಸೂತಿ ಹಾಕಿದ ಕೈಯೇ ಮುಪ್ಪಿನಲ್ಲಿ ಆ ಸೀರೆಯನ್ನು ಹರಿದು ಕೌದಿಗೆ ಸೇರಿಸಿರುತ್ತದೆ. ಎಷ್ಟೋ ಕೌದಿಗಳ ಒಳಗೆ ಯಾರೂ ನೋಡದ ಆನೆಗಳು ನಡೆಯುತ್ತಿವೆ. ಆ ಕಸೂತಿಗೆ ಭೌಗೋಳಿಕ ಸೂಚಕದ ಮುದ್ರೆ ಸಿಕ್ಕಿದೆ, ಇಳಕಲ್ ಸೀರೆಗೂ ಸಿಕ್ಕಿದೆ, ಗುಳೇದಗುಡ್ಡದ ಖಣಕ್ಕೂ ಸಿಕ್ಕಿದೆ. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ಕಸೂತಿಯ ಸೆರಗು ಮೂರೂ ಬಂದು ಕೂಡುವ ಕೌದಿ ಮಾತ್ರ ಹಳೆ ಅರಿವೆಯ ಲೆಕ್ಕದಲ್ಲೇ ಉಳಿದಿದೆ.

ಬೆಚ್ಚಗಿರಲಿಕ್ಕೆ ನಾಲ್ಕು ಪದರು ಅರಿವೆ ಸಾಕು. ಅದು ಸರಿಯದಂತೆ ಹಿಡಿದಿಡಲಿಕ್ಕೆ ಅಲ್ಲೊಂದು ಇಲ್ಲೊಂದು ಹೊಲಿಗೆ ಸಾಕು. ಅದರಿಂದಾಚೆ ಇರುವ ಎಲ್ಲವೂ, ಅಂದರೆ ಮೆಟ್ಟಿಲಿಳಿಯುವ ಕಪ್ಪು, ಬೆರಳಳತೆಯ ಸಾಲು, ಮೂಲೆಯ ಹಸಿರು, ಚಳಿಗೆ ಬೇಕಾಗಿಲ್ಲದ್ದು. ಆ ಬೇಕಾಗಿಲ್ಲದ್ದರ ಮೇಲೆ ಬಡವರ ಮನೆಯಲ್ಲಿ ತಿಂಗಳುಗಟ್ಟಲೆ ಮಧ್ಯಾಹ್ನಗಳನ್ನು ಸುರಿದಿದ್ದಾರೆ. ಇದನ್ನು ಕಲೆ ಅನ್ನದೆ ಇನ್ನೇನು ಅನ್ನಬೇಕೋ ನನಗೆ ತಿಳಿಯದು.

ಹಾಗಂತ ಕೌದಿಯೆಲ್ಲ ಕಲೆಯೆಂದು ನಾನು ಹೇಳಲಾರೆ. ಈ ವಿಷಯದಲ್ಲಿ ಸಭೆಗಳ ದೊಡ್ಡ ಮನಸ್ಸಿಗಿಂತ ಹೊಳೆದಂಡೆಯ ಸಣ್ಣ ಮನಸ್ಸೇ ನನಗೆ ಹಿಡಿಸುತ್ತದೆ. ಅಲ್ಲಿ ಕೇಳಿಬರುವ ಮಾತುಗಳು ಹೀಗಿವೆ: "ಸಾಲ ಕುಂಟತಾವ." "ಬಾಳ ಬಿಗಿ ಹೊಲದಾಳ, ಮೈಗೆ ಹತ್ತೂದಿಲ್ಲ." "ಒಳಗ ಗಾಳಿ ತುಂಬೇತಿ." "ಬಣ್ಣ ಜಗಳ ಆಡತಾವ, ಮಲಗಿದವರಿಗೆ ನಿದ್ದಿ ಹತ್ತಬೇಕಲ್ಲ." ಹತ್ತು ಕೌದಿ ಹಿಂದಿಕ್ಕಿ ಹನ್ನೊಂದನೆಯದರ ಮುಂದೆ ನಿಲ್ಲುವುದೆಂದರೆ ಆ ಹತ್ತಕ್ಕೆ ಇಲ್ಲವೆಂದದ್ದೇ. ಎಲ್ಲರನ್ನೂ ಕಲಾವಿದೆಯರೆಂದು ಒಂದೇ ಶಾಲಿನಲ್ಲಿ ಸುತ್ತಿ ಸನ್ಮಾನ ಮಾಡಿದರೆ ಆಯಿಗೂ ಆಕೆಯ ಓಣಿಯ ಗಡಿಬಿಡಿ ಕೈಯವಳಿಗೂ ವ್ಯತ್ಯಾಸವಿಲ್ಲವೆಂದಂತೆ. ಆ ಅವಮಾನ ಆಯಿಗೆ ಅರ್ಥವಾಗುತ್ತದೆ, ಶಾಲು ಹೊದಿಸುವವರಿಗೆ ಆಗುವುದಿಲ್ಲ.

ಈ ತಾರತಮ್ಯ ನಮ್ಮಲ್ಲಿ ಹಾಡಿಗುಂಟು, ಬಯಲಾಟಕ್ಕುಂಟು. ಬಾಗಲಕೋಟೆಯ ಗೊಂದಳಿ ಹಾಡುಗಾರ ವೆಂಕಪ್ಪ ಅಂಬಾಜಿ ಸುಗತೇಕರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಉತ್ತರ ಕರ್ನಾಟಕವೆಲ್ಲ ಹಿಗ್ಗಿತು. ಹಿಗ್ಗಬೇಕಾದದ್ದೇ. ಗೊಂದಳಿ ಮನೆಗಳಲ್ಲಿ ಗಂಡಸರ ಸಂಬಾಳ ತುಂತುಣಿ ಕಲೆಯಾಯಿತು. ಅದೇ ಮನೆಗಳ ಹೆಂಗಸರ ಸೂಜಿ ಇನ್ನೂ ಕೂಲಿಯ ಬಾಬತ್ತು. ರಾತ್ರಿ ಜಾಗರಣೆಯ ಹಾಡು ದೇವಿಯನ್ನು ಎಚ್ಚರಿಸುತ್ತದೆ, ಕೌದಿ ಜನರನ್ನು ಮಲಗಿಸುತ್ತದೆ. ಮಲಗಿಸುವ ಕೆಲಸಕ್ಕೆ ಪ್ರಶಸ್ತಿ ಕೊಡುವುದು ನಮಗೆ ಇನ್ನೂ ರೂಢಿಯಾಗಿಲ್ಲ.

ನಾನು ಆಯಿಯನ್ನು ನೇರವಾಗಿಯೇ ಕೇಳಿದ್ದುಂಟು, ನೀವು ಕಲಾವಿದೆ ಅಂತ ಅನಿಸುತ್ತದೆಯೇ ಅಂತ. ಸೂಜಿಗೆ ದಾರ ಪೋಣಿಸುತ್ತಿದ್ದವರು ತಲೆ ಎತ್ತಲಿಲ್ಲ.

"ಹಂಗ ಅಂದ್ರ ಪಗಾರ ಹೆಚ್ಚ ಕೊಡತಾರೇನ?"

ಆಯಿ ಹರೆಯದಲ್ಲಿ ನಿಪ್ಪಾಣಿಯ ತಂಬಾಕಿನ ವಖಾರಿಗೆ ಹೋಗಿ ಬಂದವರು. ಆ ಊರಿನ ಸಾವಿರಾರು ಹೆಂಗಸರ ಹಾಗೆ ಬೀಡಿಯನ್ನೂ ಕಟ್ಟಿದ್ದಾರೆ. ಬೀಡಿಗೆ ಸಾವಿರದ ಲೆಕ್ಕದಲ್ಲಿ ಕೂಲಿ, ಕೌದಿಗೆ ಕೌದಿಯ ಲೆಕ್ಕದಲ್ಲಿ. ಬೀಡಿಯ ಸುರುಳಿಗೆ ದಾರ ಸುತ್ತುವ ಬೆರಳೂ ಕೌದಿಗೆ ಟಾಕಿ ಹಾಕುವ ಬೆರಳೂ ಒಂದೇ. ಸುಂದರವಾಗಿ ಕಟ್ಟಿದ ಬೀಡಿಗೆ ಯಾರೂ ಹೆಚ್ಚು ಕೊಡುವುದಿಲ್ಲ. ಸುಂದರವಾಗಿ ಹೊಲಿದ ಕೌದಿಗೂ ಅಷ್ಟೇ. ಹೀಗಾಗಿ ಆಯಿಯ ಪ್ರಶ್ನೆ ತಮಾಷೆಯದಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರರಿದ್ದರು, ಬಟ್ಟೆ ಹೊಲಿಯುವುದೇ ಅವರ ಕಾಯಕ, ಹೆಸರೇ ಸೂಜಿಯಿಂದ ಬಂದದ್ದು. ಕಾಯಕವೆಂದರೆ ಸಂಬಳ ಕೇಳದ ತ್ಯಾಗವೆಂದು ನಮ್ಮ ಭಾಷಣಗಳಲ್ಲಿ ಈಗ ಅರ್ಥ ಹಚ್ಚುತ್ತಾರೆ. ದುಡಿದವನ ಕೈಗೆ ದುಡಿಮೆಯ ಫಲ ಬಂದರೆ ತಾನೇ ಅವನು ದಾಸೋಹ ಮಾಡುವುದು?

ಹೆಸರು ಬಂದರೆ ಹಣ ಬರುತ್ತದೆಯೇ? ಆಯಿಯ ಮನೆಯಿಂದ ಬಹಳ ದೂರವಿಲ್ಲದ ಅಥಣಿಯಲ್ಲಿ ಇದಕ್ಕೊಂದು ಪಾಠವಿದೆ. ಅಲ್ಲಿಯ, ನಿಪ್ಪಾಣಿಯ ಚರ್ಮದ ಕೆಲಸದವರು ತಲೆತಲಾಂತರದಿಂದ ಕೊಲ್ಹಾಪುರಿ ಚಪ್ಪಲಿ ಮಾಡುತ್ತ ಬಂದಿದ್ದಾರೆ. ಮನೆಯ ಹೆಂಗಸರು ಅದರ ಸಣ್ಣ ಜಡೆ ಹೆಣೆಯುತ್ತಾರೆ, ಹೊಲಿಗೆ ಹಾಕುತ್ತಾರೆ. ಮಾಲು ಇಲ್ಲಿಯದು, ಹೆಸರು ಹೊಳೆಯಾಚೆಯ ಪೇಟೆಯದು. 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಅದರಲ್ಲಿ ಸೇರಿದವು. 2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಫ್ಯಾಶನ್ ಪ್ರದರ್ಶನದಲ್ಲಿ ಅದೇ ಬಗೆಯ ಚಪ್ಪಲಿ ತೋರಿಸಿತು, ಎಲ್ಲಿಯದೆಂದು ಹೇಳಲಿಲ್ಲ. ಗದ್ದಲವೆದ್ದ ಮೇಲೆ ಭಾರತದ ಕೈಕಸುಬಿನಿಂದ ಪ್ರೇರಣೆ ಪಡೆದದ್ದೆಂದು ಒಪ್ಪಿಕೊಂಡಿತು. ಹಾಗೆ ಒಪ್ಪಿಸಲಿಕ್ಕೆ ಕಾಗದದ ಮೇಲೆ ಒಂದು ಹೆಸರಿತ್ತು. ಕೌದಿಯನ್ನು ನಾಳೆ ಯಾರಾದರೂ ಹಾಗೆಯೇ ಎತ್ತಿಕೊಂಡು ಹೋದರೆ ತಿರುಗಿ ಕೇಳಲಿಕ್ಕೆ ನಮ್ಮ ಕೈಯಲ್ಲಿ ಏನಿದೆ?

ಹೆಸರು ಬಂದ ಕಡೆ ಏನಾಯಿತೆಂಬುದನ್ನೂ ನೋಡಬೇಕು. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಹೊಳೆಯೊಂದು ಮೂರು ಕಡೆ ಸುತ್ತುವರಿದ ಗೀಸ್ ಬೆಂಡ್ ಎಂಬ ಊರಿದೆ. ಗುಲಾಮರಾಗಿದ್ದವರ ಸಂತತಿಯ ಕಪ್ಪು ಹೆಂಗಸರು ಅಲ್ಲಿ ಹೊಲದಲ್ಲಿ ಸವೆದ ಪ್ಯಾಂಟು, ಅಂಗಿಗಳಿಂದ ಕೌದಿ ಹೊಲಿಯುತ್ತಿದ್ದರು. ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ 1971ರಲ್ಲೇ ಅಮೆರಿಕದ ಹಳೆಯ ಕೌದಿಗಳನ್ನು ಚಿತ್ರಗಳ ಹಾಗೆ ಗೋಡೆಗೆ ಏರಿಸಿತ್ತು. ಹೊಲಿದವರ ಹೆಸರಿನ ಗೊಡವೆಗೆ ಆಗ ಯಾರೂ ಅಷ್ಟಾಗಿ ಹೋಗಲಿಲ್ಲ. 2002ರಲ್ಲಿ ಗೀಸ್ ಬೆಂಡಿನ ಕೌದಿಗಳು ಹ್ಯೂಸ್ಟನ್ ನಗರದಲ್ಲಿ, ಆಮೇಲೆ ಅದೇ ವಿಟ್ನಿಯಲ್ಲಿ ತೂಗಿದಾಗ ಪ್ರತಿಯೊಂದರ ಕೆಳಗೆ ಹೊಲಿದಾಕೆಯ ಹೆಸರಿತ್ತು. 2006ರಲ್ಲಿ ಅಂಚೆಚೀಟಿ ಬಂತು. ಮರುವರ್ಷವೇ, ತಮಗೆ ಬರಬೇಕಾದ ಹಣ ಬಂದಿಲ್ಲವೆಂದು ಅವರಲ್ಲಿ ಕೆಲವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು, 2008ರಲ್ಲಿ ರಾಜಿಯಾಯಿತು. ಕಲಾವಿದೆ ಅನ್ನುವ ಪಟ್ಟ ತಾನಾಗಿ ಹಣ ತರಲಿಲ್ಲ. ಆದರೆ ನ್ಯಾಯಾಲಯದಲ್ಲಿ ನಿಂತು ಇದು ನನ್ನದು ಅನ್ನುವ ಜಾಗವನ್ನು ಅದು ಕೊಟ್ಟಿತು.

ನಮ್ಮಲ್ಲೇ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಾಡಂಚಿನ ಸಿದ್ದಿ ಹೆಂಗಸರ ಕೌದಿಗಳನ್ನು ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರುವಲ್ ವರ್ಷಗಟ್ಟಲೆ ನೋಡಿ, ಬರೆದು, ಹೊರದೇಶಗಳ ಪ್ರದರ್ಶನಕ್ಕೆ ಒಯ್ದರು. ಸಿದ್ದಿಯರು ಮೂಲೆಗಳಿಗೆ ಮಡಚಿದ ತ್ರಿಕೋನದ ಹೂ ಇಡುತ್ತಾರೆ, ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಅದಕ್ಕೂ ಆಯಿಯ ಮೂಲೆಯ ಹಸಿರಿಗೂ ನಂಟಿದೆಯೆಂದು ನಾನು ವಾದ ಹೂಡುವುದಿಲ್ಲ. ಎರಡೂ ಕಡೆ ಚಳಿಗೆ ಸಂಬಂಧಿಸದ ಒಂದು ಹಟವಿದೆ, ಅಷ್ಟೇ. ಇನ್ನು ಬಂಗಾಳದ ಕಾಂಥಾ. ಅಲ್ಲಿ 19ನೆಯ ಶತಮಾನದಲ್ಲಿ ಮಾನದಾಸುಂದರಿ ಎಂಬಾಕೆ ತಂದೆಗಾಗಿ ಹೊಲಿದ ಕಾಂಥಾದೊಳಗೆ ತನ್ನ ಹೆಸರನ್ನೇ ಸೂಜಿಯಲ್ಲಿ ಬರೆದಳು. ಅದು ಈಗ ಕೋಲ್ಕತ್ತದ ಗುರುಸದಯ ಮ್ಯೂಸಿಯಂನಲ್ಲಿದೆ. ಅದನ್ನು ಹೊಲಿದವರು ಯಾರು ಅಂತ ಯಾವ ಪಂಡಿತನೂ ಊಹೆ ಮಾಡಬೇಕಾಗಿಲ್ಲ.

ಸದಲಗಾದ ಓಣಿಯಲ್ಲಿ ಹೆಸರು ಬರೆಯುವ ಜರೂರಿಲ್ಲ. ಕೈ ನೋಡಿ ಗುರುತು ಹಿಡಿಯುವವರು ಇರುವ ತನಕ ಅಲ್ಲಿ ಆಯಿ ಕಲಾವಿದೆಯೇ, ಆ ಪದವನ್ನು ಯಾರೂ ಬಳಸದಿದ್ದರೂ. ಕೌದಿ ಓಣಿ ದಾಟಿದ ಕೂಡಲೇ ಆ ಗುರುತು ಅಳಿಸಿಹೋಗುತ್ತದೆ. ಬೆಂಗಳೂರಿನ ಅಂಗಡಿಯಲ್ಲಿ ಅದು "ಉತ್ತರ ಕರ್ನಾಟಕದ ಸಾಂಪ್ರದಾಯಿಕ ಹೊದಿಕೆ"ಯಾಗುತ್ತದೆ, ಹೊಸ ಅರಿವೆಗೆ ಯಂತ್ರದ ಹೊಲಿಗೆ ಹಾಕಿದ ಇನ್ನೊಂದರ ಪಕ್ಕದಲ್ಲಿ, ಅದಕ್ಕಿಂತ ಸ್ವಲ್ಪ ಕಡಿಮೆ ಬೆಲೆಗೆ. ಆದ್ದರಿಂದ ಊರೊಳಗೆ ಆಯಿ ಏನೆಂದು ತಿಳಿದುಕೊಂಡರೂ ನಡೆದೀತು. ಮಾರುವಾಗ ಮಾತ್ರ ಕಲಾವಿದೆ ಅಂತಲೇ ಹೇಳಿಕೊಳ್ಳಬೇಕು, ಜಂಬವಿಲ್ಲದೆ, ಸಂಕೋಚವೂ ಇಲ್ಲದೆ. ಹೆಸರನ್ನು ಹಿಂಬದಿಯ ಮೂಲೆಯಲ್ಲಿ ದಾರದಲ್ಲೇ ಹೊಲಿಯಬೇಕು. ಚೀಟಿ ಅಂಟಿಸಿದರೆ ಮೊದಲ ಒಗೆತಕ್ಕೇ ಹೋಗುತ್ತದೆ.

ಗೋಡೆಗೆ ತೂಗುಹಾಕುವುದರ ಬಗ್ಗೆ ನನಗೆ ಅರೆಮನಸ್ಸು. ತೂಗಿದಾಗ ಕಪ್ಪಿನ ಮೆಟ್ಟಿಲು ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಕೌದಿ ನೆಲಕ್ಕೆ ಹಾಸಿ ಮೇಲಿನಿಂದ ನೋಡಲಿಕ್ಕೆ ಹುಟ್ಟಿದ್ದು. ಹೊಲಿಯುವಾಗ ಆಯಿ ಅದರ ಮೇಲೆಯೇ ಕೂತು, ಅದರೊಳಗೇ ಇದ್ದು ನೋಡುತ್ತಾರೆ. ಚಿಂಚಲಿ ಮಾಯಕ್ಕನ ಜಾತ್ರೆಗೆ ಭಾರತ ಹುಣ್ಣಿಮೆಗೆ ಚಕ್ಕಡಿಯಲ್ಲಿ ಹಾಸಿಕೊಂಡು ಹೋದ ಕೌದಿ ಭಂಡಾರ ಮೆತ್ತಿಕೊಂಡು ಹಳದಿಯಾಗಿ ಬರುತ್ತದೆ. ಎಷ್ಟು ಒಗೆದರೂ ಸಾಲಿನ ಸಂದಿಯಲ್ಲಿ ಆ ಹಳದಿ ಉಳಿಯುತ್ತದೆ, ಮಾಸಿದ ಕಪ್ಪಿನ ಮೇಲೆ ಅದು ಕಾಣುವ ಬಗೆಯೇ ಬೇರೆ. ಗಾಜಿನ ಪೆಟ್ಟಿಗೆಯಲ್ಲಿಟ್ಟ ಕೌದಿಗೆ ಆ ಬಣ್ಣ ಎಲ್ಲಿಂದ ಬರಬೇಕು? 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿದಾಗ ಹೊಳೆಸಾಲಿನ ಊರುಗಳಲ್ಲಿ ರಾಡಿ ತುಂಬಿದ ಕೌದಿಗಳನ್ನು ರಸ್ತೆಬದಿಗೆ ಎಸೆದಿದ್ದರು. ಪದರಿನೊಳಗೆ ಕೂತ ರಾಡಿ ಬಿಡುವುದಿಲ್ಲ. ಆಗಲಾದರೂ ಹತ್ತಿಪ್ಪತ್ತು ಕೌದಿ ಎಲ್ಲಿಯಾದರೂ ಗಾಜಿನೊಳಗೆ ಇದ್ದಿದ್ದರೆ ಚೆನ್ನಾಗಿತ್ತು ಅಂತಲೂ ಅನಿಸಿತ್ತು. ಎರಡೂ ಅನಿಸಿಕೆ ನನ್ನವೇ.

ಈಗ ಕೌದಿಗೆ ಹಾಕಲು ಅರಿವೆಯೇ ಸಾಲುತ್ತಿಲ್ಲವೆಂಬುದು ಆಯಿಯ ದೂರು. ಸೀರೆಗಳೆಲ್ಲ ಪಾಲಿಯೆಸ್ಟರ್, ಸೂಜಿ ಜಾರುತ್ತದೆ, ಬೆವರು ಹೀರುವುದಿಲ್ಲ, ಮಾಸುವುದೂ ಇಲ್ಲ. ಮಾಸದ ಬಣ್ಣವನ್ನು ಇನ್ನೊಂದರ ಪಕ್ಕದಲ್ಲಿ ಕೂಡ್ರಿಸುವುದು ಹೇಗೆ? ಉಳಿದ ನೂಲಿನ ಸೀರೆಗಳನ್ನು ಸ್ಟೀಲ್ ಬಾಂಡೆಯವರು ಬಾಗಿಲಿಗೇ ಬಂದು ಒಯ್ಯುತ್ತಾರೆ. ಸೊಸೆ ಕೊಟ್ಟುಬಿಡುತ್ತಾಳೆ, ಮನೆಯಲ್ಲಿ ಡಬ್ಬಿಗಳು ಹೆಚ್ಚಾಗಿವೆ.

ಕಳೆದ ಸಲ ಹೋದಾಗ ಮೊಬೈಲಿನಲ್ಲಿ ಗೀಸ್ ಬೆಂಡಿನ ಒಂದು ಕೌದಿ ತೋರಿಸಿದೆ. ನಡುವೆ ಒಂದು ಚೌಕ, ಅದರ ಸುತ್ತ ಪಟ್ಟಿ, ಅದರ ಸುತ್ತ ಮತ್ತೊಂದು, ಹೀಗೆ ಅಂಚಿನವರೆಗೆ. ಆಯಿ ಕನ್ನಡಕ ಏರಿಸಿಕೊಂಡು ಹಿಡಿದರು. ಸುತ್ತುಗಳನ್ನು ಉಗುರಿನಿಂದ ಒಂದೊಂದಾಗಿ ದಾಟಿಸಿದರು.

"ಅಕಿ ನಡುವಿಂದ ಹೊರಗ ಬಂದಾಳ. ನಾವು ಹೊರಗಿಂದ ಒಳಗ ಹೋಗತೇವಿ."

ಪಟ್ಟಿಗಳು ಸೊಟ್ಟ ಅಲ್ಲವೇ ಅಂತ ನಾನು ಕೆಣಕಿದೆ.

"ಬೇಕಂತ ಬಿಟ್ಟಾಳ. ಈ ಮೂಲ್ಯಾಗ ನೋಡ, ನೆಟ್ಟಗ ಹೊಲ್ಯಾಕ ಬರತೈತಿ ಅಕಿಗಿ." ಇನ್ನಷ್ಟು ಹೊತ್ತು ನೋಡಿದರು. "ನೀಲಿ ತಿಳದಾಕಿ. ಒಳಗ ಏನ ಹಾಕ್ಯಾಳ?"

ಹತ್ತಿ ಅಂದೆ. ಅದು ಅವರಿಗೆ ಅಷ್ಟು ಸರಿಬರಲಿಲ್ಲ, ಒಗೆದರೆ ಗಂಟು ಕಟ್ಟುತ್ತದೆ ಅಂದರು. ಆಮೇಲೆ ಮೊಬೈಲನ್ನೇ ಮಗುಚಿದರು, ನಕ್ಕು ಮತ್ತೆ ನೆಟ್ಟಗೆ ಮಾಡಿದರು.

"ಹಿಂದಿನ ಮಗ್ಗಲ ತೋರ್ಸ."

ಹುಡುಕಿದೆ. ಆ ಕಡೆಯ ಚಿತ್ರ ಇರಲಿಲ್ಲ.

"ಹಿಂದಿಂದ ನೋಡದs ಹೆಂಗ ಚಲೋ ಐತಿ ಅಂದ್ರೊ ಅವ್ರು?"